ದೊಡ್ಡಪ್ಪನ ಯಾಶಿಕಾ ಡಿ: ಅಂಟಿಕೊಂಡಿದ್ದ ಶಟರ್ ಮನೇಲೇ ಬಿಚ್ಚಿ ಸರಿ ಮಾಡಿದ್ದು

ಕಡೂರಲ್ಲಿ ನಮ್ಮ ದೊಡ್ಡಪ್ಪ ಸ್ಟುಡಿಯೋ ಇಟ್ಟಿದ್ರು, ಸುತ್ತಮುತ್ತಲ ಹಳ್ಳಿ ಮದುವೆ, ನಾಮಕರಣ, ಸ್ಕೂಲ್ ಗ್ರೂಪ್ ಫೋಟೋ ಎಲ್ಲಾ ಅವರದ್ದೇ, ಕಲರ್ ಲ್ಯಾಬ್‌ಗಳು ಬಂದ್ಮೇಲೆ ನಿಧಾನಕ್ಕೆ ಕೆಲಸ ಕಮ್ಮಿ ಆಗಿ ಮುಚ್ಚಿಬಿಟ್ರು. ಹೋದ ದೀಪಾವಳಿಗೆ ಹೋದಾಗ ಅಟ್ಟದಿಂದ ಒಂದು ತಗಡಿನ ಟ್ರಂಕ್ ಇಳಿಸಿದ್ವಿ, ಅದರೊಳಗೆ ಹಳೇ ಪಂಚೆ ಸುತ್ತಿ ಇಟ್ಟಿದ್ದ ಯಾಶಿಕಾ ಡಿ ಕ್ಯಾಮೆರಾ. ಎರಡು ಲೆನ್ಸ್ ಇರೋದು, ಮೇಲಿನದು ನೋಡೋಕೆ, ಕೆಳಗಿನದು ಫೋಟೋ ತೆಗೆಯೋಕೆ, ಮೇಲಿಂದ ಬಗ್ಗಿ ನೋಡಿ ಫೋಟೋ ತೆಗೆಯೋದು, ನಿಮ್ಮಲ್ಲಿ ತುಂಬಾ ಜನ ಊರಿನ ಸ್ಟುಡಿಯೋಲಿ ಇದರ ಮುಂದೆ ನಿಂತಿರ್ತೀರ. 120 ಅನ್ನೋ ಸೈಜಿನ ಫಿಲ್ಮ್ ರೋಲ್ ಹಾಕಿದ್ರೆ 6x6 ಸೆಂಟಿಮೀಟರ್‌ದು 12 ಫೋಟೋ. ಈ ಮಾಡೆಲ್ 1958ರಲ್ಲಿ ಬಂದಿದ್ದು, ದೊಡ್ಡಪ್ಪ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು ಎಪ್ಪತ್ತರ ದಶಕದ ಶುರುವಲ್ಲಿ.

"ತಗೊಂಡ್ ಹೋಗು ಮಗಾ, ಇಲ್ಲಿದ್ರೆ ಬೂಸ್ಟು ಹಿಡಿಯುತ್ತೆ. ಆದ್ರೆ ಒಂದು ಹೇಳ್ತೀನಿ, ಅದು ಅರವತ್ತು, ನೂರಿಪ್ಪತ್ತೈದು ಬಿಟ್ರೆ ಬೇರೆ ಯಾವ್ದೂ ಓಡಲ್ಲ, ನಾನೂ ಕೊನೆಗೊನೆಗೆ ಫ್ಲ್ಯಾಶ್ ಹಾಕಿ ಅದರಲ್ಲೇ ಹೊಡೀತಿದ್ದೆ" ಅಂದ್ರು.

ಮೈಸೂರಿಗೆ ತಂದು ಟೇಬಲ್ ಮೇಲಿಟ್ಟು ನೋಡ್ದೆ. 1/125ರಲ್ಲಿ, ಅಂದ್ರೆ ಬೆಳಕು ಒಳಗೆ ಬಿಡೋ ಬಾಗಿಲಾದ ಶಟರ್ ಸೆಕೆಂಡಿನ 125ನೇ ಒಂದು ಭಾಗ ಮಾತ್ರ ತೆರೆಯೋ ಸ್ಪೀಡಲ್ಲಿ, ಚಿಟ್ ಅಂತ ಸರಿಯಾಗೇ ಹೊಡೀತು. 1/30ಕ್ಕೆ ಇಟ್ರೆ ಬ್ಲೇಡ್‌ಗಳು ತೆರ್ಕೊಂಡು ಮುಚ್ಚೋವಾಗ ಸೋಮಾರಿ ಥರ ಬಂದ್ವು, ಕಣ್ಣಿಗೇ ಕಾಣ್ತಿತ್ತು. ಒಂದು ಸೆಕೆಂಡ್‌ಗೆ ಇಟ್ಟು ಒತ್ತಿದ್ರೆ ತೆರ್ಕೊಂಡಿದ್ದು ತೆರ್ಕೊಂಡೇ ಇತ್ತು, ಝ್ರ್ರ್ ಅನ್ನೋ ಸದ್ದೂ ಇಲ್ಲ ಏನೂ ಇಲ್ಲ, ಐದಾರು ನಿಮಿಷ ಬಿಟ್ಟು ಬಂದು ನೋಡಿದ್ರೆ ಯಾವಾಗಲೋ ತಾನೇ ಮುಚ್ಕೊಂಡಿತ್ತು. ಒಬ್ಬ ರಿಪೇರಿಯವರ ಹತ್ರ ತೋರಿಸ್ದೆ, ಅವರು ಬಿಚ್ಚೂ ನೋಡ್ದೆ "ಸ್ಪ್ರಿಂಗ್ ಹೋಗಿದೆ ಸಾರ್, ಪಾರ್ಟ್ ಸಿಗಲ್ಲ, ಶೋಕೇಸಲ್ಲಿ ಇಡಿ ಚೆನ್ನಾಗಿ ಕಾಣುತ್ತೆ" ಅಂದ್ರು. ನನಗೆ ಅದು ಒಪ್ಪಲಿಕ್ಕೆ ಆಗ್ಲಿಲ್ಲ, ಯಾಕಂದ್ರೆ ಸ್ಪ್ರಿಂಗ್ ಹೋಗಿದ್ರೆ 1/125 ಅಷ್ಟು ಚುರುಕಾಗಿ ಹೊಡಿಯೋಕೆ ಸಾಧ್ಯ ಇಲ್ಲ, ಸ್ಪೀಡ್ ಜಾಸ್ತಿ ಆದಷ್ಟೂ ಸ್ಪ್ರಿಂಗಿಗೇ ಕೆಲಸ ಜಾಸ್ತಿ. ನಿಧಾನದ ಸ್ಪೀಡ್ ಮಾತ್ರ ನಿಲ್ತಿದೆ ಅಂದ್ರೆ ತೊಂದ್ರೆ ಬೇರೆ ಕಡೆ ಇದೆ.

ಇದು ಹೇಗೆ ಕೆಲಸ ಮಾಡುತ್ತೆ ಅಂತ ಸ್ವಲ್ಪ ಹೇಳ್ಲೇಬೇಕು, ಅದು ಗೊತ್ತಾದ್ರೆ ಅರ್ಧ ರಿಪೇರಿ ಆದ ಹಾಗೆ. ಇದರಲ್ಲಿರೋದು ಕೋಪಾಲ್ ಎಂಎಕ್ಸ್‌ವಿ ಅನ್ನೋ ಶಟರ್, ಲೆನ್ಸಿನ ಗಾಜುಗಳ ಮಧ್ಯೆನೇ ಕೂತಿರುತ್ತೆ, ತೆಳ್ಳಗಿನ ಉಕ್ಕಿನ ಬ್ಲೇಡ್‌ಗಳು ಒಂದರ ಮೇಲೊಂದು ಹೂವಿನ ಎಸಳಿನ ಹಾಗೆ ಜೋಡಿಸಿರುತ್ತೆ. ಕಾಕ್ ಮಾಡಿದಾಗ, ಅಂದ್ರೆ ಲಿವರ್ ಎಳೆದು ಹೊಡಿಯೋಕೆ ಸಜ್ಜು ಮಾಡಿದಾಗ, ಸ್ಪ್ರಿಂಗ್ ಬಿಗಿಯಾಗುತ್ತೆ, ಒತ್ತಿದಾಗ ಬಿಟ್ಕೊಂಡು ಬ್ಲೇಡ್ ತೆರೆದು ಮುಚ್ಚುತ್ತೆ. ಇನ್ನು ಒಂದು ಸೆಕೆಂಡ್, ಅರ್ಧ ಸೆಕೆಂಡ್ ಹೊತ್ತು ಅದನ್ನ ತಡೆದು ನಿಲ್ಲಿಸೋದು ಯಾರು ಅಂದ್ರೆ ಒಳಗಿರೋ ಒಂದು ಪುಟ್ಟ ಗೇರ್ ಟ್ರೈನ್, ಅದರ ಕೊನೆಗೆ ಗಡಿಯಾರದಲ್ಲಿರೋ ಥರದ್ದೇ ಅತ್ತಿತ್ತ ಆಡೋ ಒಂದು ಕೊಕ್ಕೆ, ಇದನ್ನ ಎಸ್ಕೇಪ್‌ಮೆಂಟ್ ಅಂತಾರೆ. ಝ್ರ್ರ್ ಅಂತ ಕೇಳ್ಸೋದು ಅದರದ್ದೇ ಸದ್ದು. 1912ರಲ್ಲಿ ಮ್ಯೂನಿಕ್‌ನ ಡೆಕೆಲ್ ಕಂಪನಿ ಈ ಥರ ಗೇರ್ ಇರೋ ಶಟರ್ ತಂದಾಗ ಅದಕ್ಕೆ ಕಾಂಪುರ್ ಅಂತ ಹೆಸರಿಟ್ರಲ್ಲ, ಅದರಲ್ಲಿರೋ 'ಉರ್' ಜರ್ಮನ್ ಭಾಷೆಯ ಉರ್‌ವೆರ್ಕ್ ಇಂದ ಬಂದಿದ್ದು, ಅಂದ್ರೆ ಗಡಿಯಾರದ ಯಂತ್ರ. ಹಾಗಾಗಿ ನನಗೆ ಬೇಕಾಗಿದ್ದು ಕ್ಯಾಮೆರಾ ಅಂಗಡಿ ಅಲ್ಲ, ವಾಚ್ ರಿಪೇರಿ ಅಂಗಡಿ ಅಂತ ಅನ್ನಿಸ್ತು.

ದೇವರಾಜ ಮಾರ್ಕೆಟ್ ಹತ್ರ ಒಂದು ಹಳೇ ವಾಚ್ ರಿಪೇರಿ ಅಂಗಡಿ ಇದೆ, ಯಜಮಾನ್ರು ಕಣ್ಣಿಗೆ ಸಿಕ್ಕಿಸ್ಕೊಂಡಿದ್ದ ಭೂತಗನ್ನಡಿ ತೆಗೀದೇನೇ ನಾನು ಹೇಳಿದ್ದೆಲ್ಲ ಕೇಳಿಸ್ಕೊಂಡ್ರು. ಆಮೇಲೆ ಒಂದೇ ಮಾತು, "ಎಣ್ಣೆ ಗಟ್ಟಿ ಆಗಿದೆ ಅಷ್ಟೇ ಕಣಪ್ಪ. ವೈಟ್ ಪೆಟ್ರೋಲಲ್ಲಿ ತೊಳಿ. ಏನೇ ಆದ್ರೂ ಜೋರು ಮಾಡ್ಬೇಡ." ಅವರ ಹತ್ರಾನೇ ಸಣ್ಣ ಬಾಟ್ಲಿ ವೈಟ್ ಪೆಟ್ರೋಲ್, ಸಣ್ಣ ಸ್ಕ್ರೂಡ್ರೈವರ್ ಸೆಟ್, ಒಂದು ಚಿಮಟ ಕೊಂಡ್ಕೊಂಡೆ, ವಾಚ್ ಆಯಿಲ್ ಮಾತ್ರ ಪೂರ್ತಿ ಬಾಟ್ಲಿ ಬೇಡ ಅಂತ ಒಂದು ಇಂಜೆಕ್ಷನ್ ಸೀಸೆಯೊಳಗೆ ನಾಲ್ಕು ಹನಿ ಹಾಕಿ ಕೊಟ್ರು, ಅದಕ್ಕೆ ದುಡ್ಡು ತಗೊಳ್ಲಿಲ್ಲ. ಆ ನಾಲ್ಕು ಹನೀಲಿ ಒಂದು ಹನಿ ಕೂಡ ಪೂರ್ತಿ ಖರ್ಚಾಗ್ಲಿಲ್ಲ ಅಂತ ಈಗ್ಲೇ ಹೇಳಿಬಿಡ್ತೀನಿ.

ಭಾನುವಾರ ಬೆಳಗ್ಗೆ ಕೂತೆ. ವೈಟ್ ಪೆಟ್ರೋಲ್ ಬೇಗ ಹತ್ಕೊಳ್ಳುತ್ತೆ, ಅದಕ್ಕೆ ಅಮ್ಮನ ಪೂಜೆ ಮುಗಿದು ದೇವರ ದೀಪ ಶಾಂತ ಆಗೋವರ್ಗೂ ಕಾದೆ, ರೂಮಿನ ಕಿಟಕಿ ಎರಡೂ ತೆಗೆದೆ, ನೆಲದ ಮೇಲೆ ಬಿಳೀ ಪಂಚೆ ಹಾಸಿ ಅದರ ಮೇಲೆ ಕೂತ್ಕೊಂಡೆ. ಬಿಳೀ ಪಂಚೆ ಯಾಕೆ ಅಂದ್ರೆ ಸ್ಕ್ರೂ ಬಿದ್ರೆ ಪುಟಿಯಲ್ಲ, ಮತ್ತೆ ಕಾಣುತ್ತೆ. ಬಿಚ್ಚಿದ ಸ್ಕ್ರೂ ಇಡೋಕೆ ಐಸ್ ಟ್ರೇ, ಮೊದಲು ಬಿಚ್ಚಿದ್ದು ಮೊದಲ ಗುಂಡೀಲಿ ಹೀಗೆ ಸಾಲಾಗಿ. ಪ್ರತೀ ಸಲ ಏನಾದ್ರೂ ಬಿಚ್ಚೋ ಮುಂಚೆ ಮೊಬೈಲಲ್ಲಿ ಒಂದು ಫೋಟೋ.

ಮುಂದಿನ ಪ್ಯಾನೆಲ್ ಹಿಡಿದಿರೋ ಸ್ಕ್ರೂಗಳು ಹೊರಗೆ ಎಲ್ಲೂ ಕಾಣಲ್ಲ, ಲೆದರ್ ಥರದ ಕರೀ ಹೊದಿಕೆ ಇದೆಯಲ್ಲ ಅದರ ಅಡೀಲಿವೆ. ಅದನ್ನ ಕಿತ್ರೆ ಹರಿದುಹೋಗುತ್ತೆ, ಅಂಚಿಗೆ ಹನಿ ಹನಿ ಆಲ್ಕೋಹಾಲ್ ಬಿಟ್ಟು ಅಂಟು ಮೆತ್ತಗಾದ್ಮೇಲೆ ತೆಳ್ಳಗಿನ ಬ್ಲೇಡ್ ಒಳಗೆ ತೂರಿಸ್ಕೊಂಡು ದೋಸೆ ಎಬ್ಬಿಸೋ ಹಾಗೆ ಎಬ್ಬಿಸ್ಬೇಕು, ನನಗೆ ಮುಕ್ಕಾಲು ಗಂಟೆ ಹಿಡೀತು. ಸ್ಕ್ರೂ ಕಂಡಾಗ ಒಂದರ ತಲೆ ಸವೆದಿತ್ತು, ಅಂದ್ರೆ ನನಗಿಂತ ಮುಂಚೆ ಯಾರೋ ಬಿಚ್ಚಿದ್ದಾರೆ. ಪ್ಯಾನೆಲ್ ಹುಷಾರಾಗಿ ಎಳೆದು ತಿರುಗಿಸಿ ನೋಡಿದ್ರೆ ಒಳಮೈ ಮೇಲೆ ಸೂಜೀಲಿ ಗೀಚಿದ ತಾರೀಖು, 14-2-79. ಹಳೇ ಮೆಕ್ಯಾನಿಕ್‌ಗಳು ಹೀಗೆ ಗುರುತು ಹಾಕ್ತಿದ್ರು. ತಕ್ಷಣ ದೊಡ್ಡಪ್ಪಂಗೆ ಫೋನ್ ಮಾಡ್ದೆ, "ಹೌದು ಹೌದು, ಬೆಂಗಳೂರಿಗೆ ಬಸ್ಸಲ್ಲಿ ತಗೊಂಡ್ಹೋಗಿ ಕೊಟ್ಟು ಬಂದಿದ್ದೆ, ಮದುವೆ ಸೀಸನ್ ಮುಂಚೆ ಬೇಕು ಅಂತ" ಅಂದ್ರು. ಅಲ್ಲಿಂದ ಇಲ್ಲಿವರ್ಗೂ ಇದರ ಹೊಟ್ಟೆಗೆ ಗಾಳಿ ಬೆಳಕು ಬಿದ್ದಿಲ್ಲ.

ಲೆನ್ಸಿನ ಮುಂದಿನ ಗಾಜಿನ ಗುಂಪು ತಿರುಗಿಸಿದ್ರೆ ಬರುತ್ತೆ, ಆದ್ರೆ ಬೆರಳಿಗೆ ಹಿಡಿತ ಸಿಗಲ್ಲ, ಇಕ್ಕಳ ಅಂತೂ ಹತ್ರ ತರೋ ಹಾಗೇ ಇಲ್ಲ. ವಾಷ್ ಬೇಸಿನ್ ರಬ್ಬರ್ ಮುಚ್ಚಳ ಒತ್ತಿ ಹಿಡಿದು ತಿರುಗಿಸಿದ್ರೆ ಸಲೀಸಾಗಿ ಬಂತು. ಅದರ ಕೆಳಗೆ ಶಟರ್ ಮುಖ, ಸುತ್ತ ಒಂದು ಬಿಗಿ ರಿಂಗ್, ಅದು ಅಲ್ಲಾಡದ ಹಾಗೆ ಸಾಸಿವೆ ಕಾಳಿಗಿಂತ ಚಿಕ್ಕ ಸ್ಕ್ರೂ. ರಿಂಗ್ ತೆಗೆದ್ರೆ ಸ್ಪೀಡ್ ಕ್ಯಾಮ್ ಅನ್ನೋ ತಟ್ಟೆ, ಅದರಲ್ಲಿ ವಿಚಿತ್ರ ಆಕಾರದ ಸೀಳುಗಳು, ನಾವು ಸ್ಪೀಡ್ ಬದಲಾಯಿಸಿದಾಗ ತಿರುಗೋದು ಇದೇ, ಒಳಗಿನ ಪಿನ್‌ಗಳು ಈ ಸೀಳಲ್ಲಿ ಕೂತು ಯಾವ ಸ್ಪೀಡಿಗೆ ಎಷ್ಟು ತಡೀಬೇಕು ಅಂತ ಲೆಕ್ಕ ತಗೊಳ್ತವೆ. ಮೊದಲ ಸಲ ಅದನ್ನ ಎತ್ತಿ ಒಳಗೆ ನೋಡಿದಾಗ ನಾನು ಸುಮಾರು ಹೊತ್ತು ಕೈ ಹಾಕ್ದೇ ಸುಮ್ನೆ ಕೂತಿದ್ದೆ. ಹುಣಸೆ ಬೀಜದಷ್ಟು ಜಾಗದಲ್ಲಿ ಹಿತ್ತಾಳೆ ಗೇರ್‌ಗಳು ಒಂದಕ್ಕೊಂದು ಕಚ್ಚಿಕೊಂಡು ಕೂತಿವೆ, ಅರವತ್ತು ವರ್ಷದ ಹಿಂದೆ ಯಾರೋ ಕೈಯಾರೆ ಜೋಡಿಸಿದ್ದು, ಒಂದು ಹಲ್ಲೂ ಮುರಿದಿಲ್ಲ. ಬರೀ ಜಿಡ್ಡು. ಗುಂಡುಸೂಜಿ ತುದೀಲಿ ಮುಟ್ಟಿ ಎತ್ತಿದ್ರೆ ಎಳೆ ಬಂತು, ನಮ್ಮಮ್ಮ ಬೆಲ್ಲದ ಪಾಕ ನೋಡಿ ಒಂದೆಳೆ ಬಂತು ಅಂತಾರಲ್ಲ, ಥೇಟ್ ಅದೇ. ಎಣ್ಣೆ ಹಾಕಿದಾಗ ತೆಳ್ಳಗಿರುತ್ತೆ, ವರ್ಷಗಟ್ಟಲೆ ಬಿಸಿಲು ಸೆಖೆಗೆ ಅದರಲ್ಲಿರೋ ಹಗುರದ ಅಂಶ ಆವಿಯಾಗಿ ಅಂಟು ಮಾತ್ರ ಉಳಿಯುತ್ತೆ, ಅದು ಹರಿದು ಬ್ಲೇಡ್ ತನಕನೂ ಹೋಗುತ್ತೆ. ನಿಧಾನದ ಸ್ಪೀಡ್ ಬಳಸ್ದೇ ಬಿಟ್ಟಷ್ಟೂ ಆ ಗೇರ್‌ಗಳು ಅಲ್ಲಾಡಲ್ಲ, ಅಲ್ಲಾಡ್ದೇ ಇದ್ದಷ್ಟೂ ಅಂಟು ಬಿಗಿಯುತ್ತೆ.

ಎಸ್ಕೇಪ್‌ಮೆಂಟ್ ಬಿಚ್ಚೋಕೆ ಅವತ್ತು ಧೈರ್ಯ ಬರ್ಲಿಲ್ಲ, ಇದ್ದಲ್ಲೇ ತೊಳೆಯೋಣ ಅಂತ ಸಿರಿಂಜಲ್ಲಿ ಎರಡು ಹನಿ ವೈಟ್ ಪೆಟ್ರೋಲ್ ಬಿಟ್ಟೆ, ಕ್ಯಾಮ್ ತಟ್ಟೆ ವಾಪಸ್ ಕೂರಿಸಿ ಕಾಕ್ ಮಾಡಿ ಟೂತ್‌ಪಿಕ್ಕಲ್ಲಿ ರಿಲೀಸ್ ಲಿವರ್ ಒತ್ತಿದೆ. ಏನೂ ಇಲ್ಲ. ಇನ್ನೆರಡು ಹನಿ, ಮತ್ತೆ ಒತ್ತಿದೆ. ನಾಲ್ಕನೇ ಸಲಕ್ಕೆ ಝ್... ಅಂತ ಅರ್ಧ ಸದ್ದು ಬಂದು ನಿಂತ್ಕೊಳ್ತು, ಎಂಟನೇ ಸಲಕ್ಕೆ ಝ್ರ್ರ್ರ್ರ್ ಟಕ್ ಅಂತ ಪೂರ್ತಿ ಒಂದು ಸೆಕೆಂಡ್. ಅವತ್ತು ರಾತ್ರಿ ಒಂದು ಐವತ್ತು ಸಲ ಹೊಡೆದಿರ್ಬೇಕು, ಒಂದೂ ತಪ್ಪಲಿಲ್ಲ, ಅಮ್ಮನ್ನೂ ಕರೆದು ಕೇಳಿಸ್ದೆ.

ಸೋಮವಾರ ಬೆಳಗ್ಗೆ ಎದ್ದು ಒತ್ತಿದ್ರೆ ತೆರ್ಕೊಂಡು ನಿಂತುಬಿಡ್ತು. ಮೊದಲಿಗಿಂತ ಕೆಟ್ಟದಾಗಿ, 1/125ರಲ್ಲೂ ತಡವರಿಸ್ತಿತ್ತು.

ನೀವು ಯಾರಾದ್ರೂ ಈ ಕೆಲಸಕ್ಕೆ ಕೂತ್ರೆ ಈ ಜಾಗದಲ್ಲಿ ಖಂಡಿತ ಬಂದು ನಿಲ್ತೀರ, ಅದಕ್ಕೆ ಬಿಡಿಸಿ ಹೇಳ್ತಿದೀನಿ. ಪೆಟ್ರೋಲ್ ಒದ್ದೆ ಇರೋವರ್ಗೂ ಜಿಡ್ಡು ಕರಗಿರುತ್ತೆ, ಎಲ್ಲಾ ಸಲೀಸಾಗಿ ಓಡುತ್ತೆ. ಅದು ಆರಿದ ಮೇಲೆ ಕರಗಿದ ಜಿಡ್ಡು ಎಲ್ಲಿ ಹೋಗುತ್ತೆ, ಅಲ್ಲೇ ಕೂರುತ್ತೆ, ಇನ್ನೂ ತೆಳ್ಳಗೆ ಹರಡ್ಕೊಂಡು ಮೊದಲು ಇಲ್ದೇ ಇರೋ ಬ್ಲೇಡ್ ಸಂದಿಗೂ ಹೋಗಿ ಕೂರುತ್ತೆ. ನಾನು ಮಾಡಿದ್ದು ಜಿಡ್ಡನ್ನ ಕರಗಿಸಿದ್ದಷ್ಟೇ, ಹೊರಗೆ ತೆಗೆದಿರ್ಲಿಲ್ಲ. ಆ ಹೊತ್ತಲ್ಲಿ ಮನೇಲಿರೋ ಹೊಲಿಗೆ ಮಿಷಿನ್ ಎಣ್ಣೆ ಒಂದು ಹನಿ ಬಿಟ್ರೆ ಸರಿಹೋಗ್ಬೋದು ಅಂತ ಅನ್ನಿಸುತ್ತೆ, ದಯವಿಟ್ಟು ಬೇಡ. ಬ್ಲೇಡ್‌ಗಳು ಮೂಳೆ ಒಣಗಿದ ಹಾಗೆ ಒಣಗಿರ್ಬೇಕು, ಕಣ್ಣಿಗೆ ಕಾಣದಷ್ಟು ಎಣ್ಣೆ ಪಸೆ ಇದ್ರೂ ಒಂದಕ್ಕೊಂದು ಅಂಟ್ಕೊಳ್ತವೆ, ಅಷ್ಟು ತೆಳ್ಳಗಿನ ಬ್ಲೇಡಿಗೆ ಆ ಅಂಟು ಬಿಡಿಸ್ಕೊಳ್ಳೋ ಶಕ್ತಿ ಇಲ್ಲ.

ಮುಂದಿನ ಭಾನುವಾರ ಎಸ್ಕೇಪ್‌ಮೆಂಟ್‌ನ ಪೂರ್ತಿ ಹೊರಗೇ ತೆಗೆದೆ. ಎರಡೇ ಸ್ಕ್ರೂ, ಆದ್ರೆ ಅದನ್ನ ಒಂಚೂರು ಆ ಕಡೆ ಈ ಕಡೆ ಸರಿಸಿ ಕೂರಿಸಿದ್ರೂ ಸ್ಪೀಡ್ ಬದಲಾಗುತ್ತೆ, ಅದಕ್ಕೆ ಬಿಚ್ಚೋ ಮುಂಚೆ ಅದರ ಅಂಚಿನುದ್ದಕ್ಕೂ ಸೂಜೀಲಿ ಸಣ್ಣ ಗೆರೆ ಎಳ್ಕೊಂಡೆ. ಎಳೆಯೋಕೆ ಹೋದಾಗ ನೋಡಿದ್ರೆ ಅಲ್ಲಿ ಆಗ್ಲೇ ಒಂದು ಗೆರೆ ಇತ್ತು, 79ರ ಮೆಕ್ಯಾನಿಕ್ ಎಳೆದಿದ್ದು, ನನ್ನದು ಅದರ ಮೇಲೇ ಬಿತ್ತು. ಗಾಜಿನ ಬಟ್ಟಲಲ್ಲಿ ವೈಟ್ ಪೆಟ್ರೋಲ್ ಹಾಕಿ ಅದರೊಳಗೆ ಮುಳುಗಿಸಿ ಅಲುಗಾಡಿಸ್ತಾ ಇದ್ದೆ, ಹತ್ತು ನಿಮಿಷಕ್ಕೆ ಡಿಕಾಕ್ಷನ್ ಬಣ್ಣ ಬಂತು. ಅದನ್ನ ಚೆಲ್ಲಿ ಹೊಸದು, ಮತ್ತೆ ಟೀ ಬಣ್ಣ, ಮತ್ತೆ ಹೊಸದು, ನಾಲ್ಕನೇ ಸಲಕ್ಕೆ ನೀರಿನ ಹಾಗೆ ಉಳೀತು. ಒಣಗಿದ ಮೇಲೆ ಚಿಮಟದಲ್ಲಿ ಹಿಡಿದು ಬೆರಳಲ್ಲಿ ಮೊದಲ ಗೇರ್ ತಳ್ಳಿದ್ರೆ ಕೊನೇದು ತನಕ ಓಡಿ ತಾನೇ ಹಿಂದಕ್ಕೆ ಬಂತು. ಗೇರಿನ ಅಕ್ಷದ ತುದಿಗಳಿಗೆ ಮಾತ್ರ, ಸೂಜಿ ಮೊನೇಲಿ ನಿಲ್ಲುವಷ್ಟು ವಾಚ್ ಆಯಿಲ್ ಮುಟ್ಟಿಸ್ದೆ, ಹಲ್ಲುಗಳಿಗೆ ಇಲ್ಲ.

ಬ್ಲೇಡ್‌ಗಳ ಕೆಲಸ ಬೇಜಾರಿನದ್ದು, ಹೆಚ್ಚು ಹೇಳೋಕೇನಿಲ್ಲ. ಒಂದು ಹನಿ, ಹತ್ತು ಸಲ ಹೊಡಿ, ಲೆನ್ಸ್ ಟಿಶ್ಯೂಲಿ ಮೆತ್ತಗೆ ಒತ್ತಿ ತೆಗಿ, ಟಿಶ್ಯೂಲಿ ಕಪ್ಪು ಗೆರೆ ಬರೋದು ನಿಲ್ಲೋವರ್ಗೂ ಇದೇ. ಒದ್ದೆ ಇರೋವಾಗ ಬ್ಲೇಡ್ ಅಂಟ್ಕೊಂಡು ನಿಧಾನ ಆಗುತ್ತೆ, ಅದು ನೋಡಿ ಗಾಬರಿ ಬೀಳ್ಬಾರ್ದು, ಪೂರ್ತಿ ಆರಿದ ಮೇಲೇ ತೀರ್ಮಾನ ಮಾಡ್ಬೇಕು. ನಾನು ಒಂದು ರಾತ್ರಿ ಪೂರ್ತಿ ಬಿಟ್ಟೆ. ಬೆಳಗ್ಗೆ ಎದ್ದು ಮುಟ್ಟೋ ಮುಂಚೆ ಕೈ ನಡುಗ್ತಿತ್ತು, ಆದ್ರೆ ಸರಿ ಇತ್ತು. ಹಿಂದಿನ ಗಾಜಿನ ಮೇಲೆ ಪೆಟ್ರೋಲ್ ಆರಿದ ಮಂಜು ಕೂತಿರುತ್ತೆ, ಡಯಲನ್ನ ಬಿ ಮೇಲಿಟ್ಟು (ಒತ್ತಿ ಹಿಡಿದಷ್ಟು ಹೊತ್ತೂ ಶಟರ್ ತೆರೆದೇ ಇರೋ ಜಾಗ ಅದು) ಶಟರ್ ತೆರೆದಿಟ್ಕೊಂಡು ಮುಂದಿನಿಂದಲೇ ಅದನ್ನೂ ಒರೆಸೋದು ಮರೀಬೇಡಿ.

ಎಲ್ಲಕ್ಕಿಂತ ಕಷ್ಟ ಆಗಿದ್ದು ಬಿಚ್ಚೋದೂ ಅಲ್ಲ ತೊಳೆಯೋದೂ ಅಲ್ಲ, ಆ ಕ್ಯಾಮ್ ತಟ್ಟೆ ಕೊನೇ ಸಲ ವಾಪಸ್ ಕೂರಿಸೋದು. ಮೊದಲ ದಿನ ಅದು ಸುಮ್ನೆ ಕೂತಿತ್ತು ಯಾಕಂದ್ರೆ ಜಿಡ್ಡು ಪಿನ್‌ಗಳನ್ನ ಇದ್ದಲ್ಲೇ ಹಿಡಿದಿತ್ತು, ಈಗ ಎಲ್ಲಾ ಸಡಿಲ, ಒಂದು ಪಿನ್ ಸೀಳಿಗೆ ಸೇರಿಸಿದ್ರೆ ಇನ್ನೊಂದು ಸ್ಪ್ರಿಂಗ್ ಎಳೆದು ಆಚೆ ಬರುತ್ತೆ. ಇದಕ್ಕೇ ಮೂರು ಗಂಟೆ ಹೊತ್ತು ಹಿಡೀತು. ಕೊನೆಗೆ ಸ್ಪೀಡನ್ನ ಬಿ ಮೇಲಿಟ್ಟು, ಒಂದು ಪಿನ್ನನ್ನ ಟೂತ್‌ಪಿಕ್ಕಲ್ಲಿ ಒಳಗೆ ತಳ್ಳಿ ಹಿಡಿದು ತಟ್ಟೆ ಇಳಿಸಿದಾಗ ತಣ್ಣಗೆ ಕೂತ್ಕೊಳ್ತು, ಕೂತಿದ್ದು ಕೈಗೇ ಗೊತ್ತಾಗುತ್ತೆ, ಒತ್ತೋದೇ ಬೇಕಾಗಲ್ಲ. ಒತ್ತಬೇಕು ಅನ್ನಿಸಿದ್ರೆ ಅದು ಸರಿಯಾಗಿ ಕೂತಿಲ್ಲ ಅಂತಾನೇ ಅರ್ಥ, ಯಜಮಾನ್ರು ಜೋರು ಮಾಡ್ಬೇಡ ಅಂದಿದ್ದು ಅಲ್ಲಿ ನೆನಪಾಯ್ತು.

ಇನ್ನು ಸ್ಪೀಡ್ ಸರಿ ಇದೆಯಾ ಅಂತ ಅಳೀಬೇಕಲ್ಲ, ಕಿವೀಲಿ ಕೇಳಿ ಹೇಳೋದಕ್ಕೆ ನಾನೇನು ಹಳೇ ಮೆಕ್ಯಾನಿಕ್ ಅಲ್ಲ. ಕ್ಯಾಮೆರಾ ಹಿಂಬಾಗಿಲು ತೆಗೆದು ಲೆನ್ಸಿನ ಆಚೆ ಬಲ್ಬ್ ಇಟ್ಟು ಈಚೆಯಿಂದ ಮೊಬೈಲ್ ಸ್ಲೋ ಮೋಷನ್ ವಿಡಿಯೋ, ಸೆಕೆಂಡ್‌ಗೆ 240 ಫ್ರೇಮ್. ಬೆಳಕು ಕಾಣೋ ಫ್ರೇಮ್ ಎಣಿಸಿದ್ರೆ ಆಯ್ತು. ಒಂದು ಸೆಕೆಂಡ್‌ದು 262 ಫ್ರೇಮ್ ಬಂತು, ಅಂದ್ರೆ 1.09 ಸೆಕೆಂಡ್, ಅರ್ಧದ್ದು 127, ಕಾಲಿನದ್ದು 63, 1/30ಕ್ಕೆ ಎಂಟು ಒಂದೊಂದ್ಸಲ ಒಂಬತ್ತು. ಅದಕ್ಕಿಂತ ಜಾಸ್ತಿ ಸ್ಪೀಡಿಗೆ ಫ್ರೇಮ್ ಸಾಲಲ್ಲ, ಆಗ ಬೆಳಕು ಬಿದ್ರೆ ಕರೆಂಟ್ ಕೊಡೋ ಸಣ್ಣದೊಂದು ಫೋಟೋ ಡಯೋಡ್‌ಗೆ ವೈರ್ ಬೆಸುಗೆ ಹಾಕಿ ಲ್ಯಾಪ್‌ಟಾಪಿನ ಮೈಕ್ ಪಿನ್ನಿಗೆ ಸಿಕ್ಕಿಸಿ ಧ್ವನಿ ಥರ ರೆಕಾರ್ಡ್ ಮಾಡಿದೆ, ಅದು ಸೆಕೆಂಡ್‌ಗೆ 44,100 ಸಲ ಅಳತೆ ತಗೊಳ್ಳುತ್ತೆ, ಬೆಳಕು ಬಿದ್ದಿದ್ದು ನಿಂತಿದ್ದು ಎರಡೂ ಅಲೇಲಿ ಕಾಣುತ್ತೆ. 1/125 ಅನ್ನೋದು ನಿಜಕ್ಕೂ 1/105, 1/500 ಅನ್ನೋದು 1/340ರ ಹತ್ರ. ಇಷ್ಟು ವಯಸ್ಸಾದ ಶಟರಿಗೆ ಅರ್ಧ ಸ್ಟಾಪ್ (ಬೆಳಕು ಎರಡರಷ್ಟಾದ್ರೆ ಒಂದು ಸ್ಟಾಪ್) ಆಚೀಚೆ ನನಗೆ ಏನೇನೂ ತೊಂದ್ರೆ ಇಲ್ಲ, ಬ್ಲ್ಯಾಕ್ ಅಂಡ್ ವೈಟ್ ಫಿಲ್ಮ್ ಅದನ್ನ ತಡ್ಕೊಳ್ಳುತ್ತೆ, ಸ್ಪ್ರಿಂಗ್ ಬಿಗಿ ಮಾಡೋಕೆ ಕೈ ಹಾಕ್ಲಿಲ್ಲ. ಇನ್ನೊಂದು ವಿಷ್ಯ, 1/500 ಬೇಕಿದ್ರೆ ಕಾಕ್ ಮಾಡೋ ಮುಂಚೆನೇ ಡಯಲ್ ಅಲ್ಲಿಗೆ ತಿರುಗಿಸ್ಬೇಕು, ಅದಕ್ಕೆ ಇನ್ನೊಂದು ಸ್ಪ್ರಿಂಗ್ ಜೊತೆಯಾಗುತ್ತೆ, ಕಾಕ್ ಮಾಡಿದ ಮೇಲೆ ತಿರುಗಿಸಿದ್ರೆ ಒಳಗೆ ಏನಾದ್ರೂ ಮುರೀಬೋದು. ಸೆಲ್ಫ್ ಟೈಮರ್ ಕೂಡ ಅಷ್ಟೇ, ಹಳೇ ಕ್ಯಾಮೆರಾದಲ್ಲಿ ಅದು ಅರ್ಧಕ್ಕೆ ನಿಂತ್ರೆ ಶಟರೇ ಸಿಕ್ಕಾಕ್ಕೊಳ್ಳುತ್ತೆ, ನಾನು ಅದರ ತಂಟೆಗೇ ಹೋಗ್ಲಿಲ್ಲ.

ಪ್ಯಾನೆಲ್ ಮುಚ್ಚೋ ಮುಂಚೆ 14-2-79ರ ಕೆಳಗೆ ನನ್ನ ತಾರೀಖೂ ಸೂಜೀಲಿ ಗೀಚಿದೆ. ಹೊದಿಕೆ ಅಂಟಿಸೋಕೆ ತೆಳ್ಳಗಿನ ಡಬಲ್ ಸೈಡ್ ಟೇಪ್, ಮುಂದೆ ಯಾರಾದ್ರೂ ಬಿಚ್ಚೋರಿಗೆ ಸುಲಭ ಆಗ್ಲಿ ಅಂತ. ಫೋಕಸ್ ಕೆಟ್ಟಿಲ್ಲ ಅಂತ ಖಾತ್ರಿ ಮಾಡ್ಕೊಳ್ಳೋಕೆ ಫಿಲ್ಮ್ ಕೂರೋ ಜಾಗದಲ್ಲಿ ಬಟರ್ ಪೇಪರ್ ಬಿಗಿಯಾಗಿ ಅಂಟಿಸಿ ರಾತ್ರಿ ಟೆರೇಸ್ ಮೇಲಿಂದ ಚಾಮುಂಡಿ ಬೆಟ್ಟದ ಲೈಟಿಗೆ ಹಿಡಿದೆ, ತಲೆಕೆಳಗಾಗಿ ಚುಕ್ಕಿ ಚುಕ್ಕಿಯಾಗಿ ಬೆಳಕು ಬಿತ್ತು, ಮೇಲಿನ ಲೆನ್ಸಲ್ಲೂ ಕೆಳಗಿನ ಲೆನ್ಸಲ್ಲೂ ಒಟ್ಟಿಗೇ ಶಾರ್ಪ್.

ಒಂದು ರೋಲ್ 400ರ ಬ್ಲ್ಯಾಕ್ ಅಂಡ್ ವೈಟ್ ಹಾಕ್ಕೊಂಡು ಕಡೂರಿಗೆ ಹೋದೆ. ದೊಡ್ಡಪ್ಪಂಗೆ ಈಗ 81, ಒಂದು ಕಣ್ಣು ಮಂಜು. ಕ್ಯಾಮೆರಾ ಕೈಗೆ ಕೊಟ್ಟ ತಕ್ಷಣ ನೋಡೋಕೆ ಹೋಗ್ಲಿಲ್ಲ, ಬೆರಳಲ್ಲೇ ಡಯಲ್ ಹುಡುಕಿ ಒಂದು ಸೆಕೆಂಡಿಗೆ ತಿರುಗಿಸಿ, ಕಾಕ್ ಮಾಡಿ, ಕಿವಿ ಹತ್ರ ಇಟ್ಕೊಂಡು ಒತ್ತಿದ್ರು. ಝ್ರ್ರ್ರ್ರ್ ಟಕ್. ಏನೂ ಮಾತಾಡ್ದೆ ಮತ್ತೆ ಕಾಕ್ ಮಾಡಿದ್ರು, ಮತ್ತೆ ಒತ್ತಿದ್ರು, ಹೀಗೆ ಮೂರು ಸಲ ಆಯ್ತು, ನಾನು ಫಿಲ್ಮ್ ಇದೆ ಅಂತ ಹೇಳ್ಲಿಲ್ಲ, ಒಂದೇ ಫ್ರೇಮ್ ಮೇಲೆ ಬಿದ್ದಿದ್ದು ಬಿದ್ದ ಹಾಗೇ ಇರ್ಲಿ ಅಂತ ಬಿಟ್ಟೆ, ಈ ಕ್ಯಾಮೆರಾದಲ್ಲಿ ಶಟರ್ ಕಾಕ್ ಮಾಡೋದೂ ಫಿಲ್ಮ್ ತಿರುಗಿಸೋದೂ ಬೇರೆ ಬೇರೆ, ಹಾಗಾಗಿ ಮೂರೂ ಒಂದರ ಮೇಲೊಂದು. ಆಮೇಲೆ ಅವರನ್ನ ಪಡಸಾಲೆ ಬೆಂಚಿನ ಮೇಲೆ ಕೂರಿಸಿ ಫ್ಲ್ಯಾಶ್ ಇಲ್ದೆ, ಬಾಗಿಲ ಬೆಳಕಲ್ಲಿ, ಸ್ಟೂಲ್ ಮೇಲೆ ಕ್ಯಾಮೆರಾ ಇಟ್ಟು ಅರ್ಧ ಸೆಕೆಂಡ್ ಹೊಡೆದೆ.

ಡಿ-76 ಅನ್ನೋ ಡೆವಲಪರ್ ಕೆಮಿಕಲ್‌ನಲ್ಲಿ ಮನೇಲೇ ಡೆವಲಪ್ ಮಾಡಿದ್ದು, ಕೆಮಿಕಲ್ 20 ಡಿಗ್ರಿಗೆ ಇಳಿಸೋಕೆ ಟಬ್ಬಲ್ಲಿ ಐಸ್ ಹಾಕ್ಕೊಂಡು. ಬಾತ್ರೂಮಲ್ಲಿ ಒಣಗೋಕೆ ನೇತು ಹಾಕಿದಾಗ್ಲೇ ಕಂಡಿತ್ತು, ಬೆಂಚು, ಗೋಡೆ ಮೇಲಿನ ಕ್ಯಾಲೆಂಡರ್, ದೊಡ್ಡಪ್ಪನ ತೊಡೆ ಮೇಲಿನ ಕೈಯ ನರ ಕೂಡ ಶಾರ್ಪ್, ಮುಖ ಮಾತ್ರ ಒಂಚೂರು ಅಲ್ಲಾಡಿದೆ, ಆ ಅರ್ಧ ಸೆಕೆಂಡಲ್ಲಿ ಅವರು ಏನೋ ಹೇಳೋಕೆ ಹೊರಟಿದ್ರು. ನನಗೆ ಅದು ತುಂಬಾ ಇಷ್ಟ ಆಗಿ ಪ್ರಿಂಟ್ ಹಾಕಿಸಿ ಕಳಿಸ್ದೆ. ದೊಡ್ಡಮ್ಮ ಪಕ್ಕದಲ್ಲಿ ಕೂತು ವಿವರಿಸಿದ್ರಂತೆ, ಸಂಜೆ ದೊಡ್ಡಪ್ಪ ಫೋನ್ ಮಾಡಿದ್ರು.

"ಕಣ್ಣು ಬಂದಿಲ್ವಂತಲ್ಲೋ. ಅದು ಪಾರ್ಟಿಗೆ ಕೊಡೋ ಹಾಗಿಲ್ಲ. ಮುಂದಿನ ಸಲ ಬೆಳಗ್ಗೆ ಹತ್ತರೊಳಗೆ ಬಾ, ಕಿಟಕಿ ಹತ್ರ ಕೂರ್ತೀನಿ, ಮೂವತ್ತರಲ್ಲಿ ಹೊಡಿ. ಅದೂ ಓಡ್ತಿದೆ ತಾನೇ ಈಗ?"

ಓಡ್ತಿದೆ ದೊಡ್ಡಪ್ಪ ಅಂದೆ.